ಅಹಿಂಸೆ ಬಹಿರಂಗವೇಕಾಯಿತು?

ಚುನಾವಣೆ ಬಂತೆಂದರೆ ಮತದಾನಕ್ಕೆ ಎರಡು ದಿನ ಮುಂಚೆ ಪತ್ರಿಕೆಗಳಲ್ಲಿ ಒಂದು ಸುದ್ದಿ ಇದ್ದೇ ಇರುತ್ತದೆ: ಬಹಿರಂಗ ಪ್ರಚಾರಕ್ಕೆ ತೆರೆ. ಮೈಕು ಕಟ್ಟಿ ಬಯಲಲ್ಲಿ ಮಾಡಿದ್ದು ಬಹಿರಂಗ, ಮನೆಮನೆಗೆ ಹೋಗಿ ಮೆಲ್ಲಗೆ ಹೇಳಿದ್ದು ಅದಲ್ಲ. ಗುಟ್ಟು ಬಯಲಾದರೆ ‘ಬಹಿರಂಗವಾಯಿತು’ ಅನ್ನುತ್ತೇವೆ. ಯಾರಿಗೂ ಹೇಳದೆ ಎದೆಯೊಳಗೆ ಇಟ್ಟುಕೊಂಡದ್ದಕ್ಕೆ ಅಂತರಂಗ ಎಂದು ಹೆಸರು. ಈ ಎರಡು ಪದಗಳು ನಮ್ಮ ನಾಲಿಗೆಯ ಮೇಲೆ ಓಡಾಡುವುದೇ ಹೀಗೆ. ಇದೇ ಅರ್ಥವನ್ನು ಇಟ್ಟುಕೊಂಡು ಪತಂಜಲಿಯ ಯೋಗಸೂತ್ರವನ್ನು ಓದಲು ಕೂತವಳು ನಾನು. ಬಹಳ ಬೇಗ ಎಡವಿದೆ.

ಯೋಗದ ಎಂಟು ಅಂಗಗಳ ಸಾಲು ಬಹುಪಾಲು ಓದುಗರಿಗೆ ಗೊತ್ತಿರುವುದೇ: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಈ ಸಾಲನ್ನು ಪತಂಜಲಿ ಐದು ಮತ್ತು ಮೂರು ಎಂದು ಬೇರ್ಪಡಿಸುತ್ತಾರೆ. ಗ್ರಂಥದ ಕಟ್ಟಿನಲ್ಲೇ ಈ ಬಿರುಕು ಕಾಣುತ್ತದೆ. ಎರಡನೆಯದಾದ ಸಾಧನಪಾದ ಪ್ರತ್ಯಾಹಾರಕ್ಕೆ ಮುಗಿದುಹೋಗುತ್ತದೆ. ಧಾರಣದ ಮಾತು ಶುರುವಾಗುವುದು ಮೂರನೆಯ ವಿಭೂತಿಪಾದದ ಮೊದಲ ಸೂತ್ರದಲ್ಲಿ. ಆ ಪಾದದ ಏಳನೆಯ ಸೂತ್ರ ಕೊನೆಯ ಮೂರನ್ನು ಹಿಂದಿನ ಐದರ ಎದುರು ಇಟ್ಟು, ಅಂತರಂಗ ಎಂದು ಹೆಸರಿಸುತ್ತದೆ. ಅಂದರೆ ಮೊದಲ ಐದು ಬಹಿರಂಗ.

ನಾನು ಎಡವಿದ್ದು ಇಲ್ಲೇ. ಆಸನ ಬಹಿರಂಗ ಅಂದರೆ ಒಪ್ಪಬಹುದು, ಅದು ಕೈಕಾಲಿನ ವಿಷಯ. ಆದರೆ ಯಮಗಳಲ್ಲಿ ಮೊದಲನೆಯದು ಅಹಿಂಸೆ. ಅದರ ಹಿಂದೆ ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ನಿಯಮಗಳಲ್ಲಿ ಸಂತೋಷವಿದೆ, ಸ್ವಾಧ್ಯಾಯವಿದೆ, ಈಶ್ವರಪ್ರಣಿಧಾನವಿದೆ. ದ್ವೇಷ ಹುಟ್ಟುವುದು ಮನಸ್ಸಿನಲ್ಲಲ್ಲವೇ? ಇದ್ದದ್ದು ಸಾಕು ಅನ್ನಿಸುವುದು, ದೇವರಿಗೆ ತನ್ನನ್ನು ಒಪ್ಪಿಸಿಕೊಳ್ಳುವುದು ಹೊರಗಿನ ಕೆಲಸ ಹೇಗಾದೀತು?

ಉತ್ತರ ಪದದೊಳಗೇ ಇದೆ. ಇಲ್ಲಿ ಅಂಗ ಅಂದರೆ ಸಾಧನ, ಒಂದು ಗುರಿಗೆ ಒದಗಿ ಬರುವ ಭಾಗ. ಗುರಿಗೆ ನೇರವಾಗಿ ತಗುಲಿಕೊಂಡದ್ದು ಅಂತರಂಗ, ದೂರದಿಂದ ನೆರವಾಗುವುದು ಬಹಿರಂಗ. ವ್ಯಾಕರಣ ಶಾಸ್ತ್ರ ಓದಿದವರಿಗೆ ಈ ಜೋಡಿ ಹಳೆಯ ಪರಿಚಯ. ಪಾಣಿನಿಯ ಪರಂಪರೆಯಲ್ಲಿ ಎರಡು ನಿಯಮಗಳು ಒಂದೇ ಪದದ ಮೇಲೆ ಎರಗಿದಾಗ, ಪದದ ಒಳಭಾಗಕ್ಕೆ ಹತ್ತಿರವಿರುವ ಕಾರಣದಿಂದ ಹುಟ್ಟಿದ ನಿಯಮ ಅಂತರಂಗ, ಮತ್ತು ಗೆಲ್ಲುವುದು ಅದೇ. ಮಹಾಭಾಷ್ಯ ಬರೆದ ಪತಂಜಲಿಯೂ ಯೋಗಸೂತ್ರದ ಪತಂಜಲಿಯೂ ಒಬ್ಬರೇ ಎಂದು ನಮ್ಮ ಪರಂಪರೆ ನಂಬಿಕೊಂಡು ಬಂದಿದೆ, ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಆ ಜಗಳ ಏನೇ ಇರಲಿ, ಪದದ ನಡೆ ಒಂದೇ. ಇಲ್ಲಿ ಅಳೆಯುತ್ತಿರುವುದು ಗುರಿಯಿಂದ ಎಷ್ಟು ದೂರ ಎಂಬುದನ್ನು. ಚರ್ಮದ ಒಳಗೋ ಹೊರಗೋ ಎಂಬ ಪ್ರಶ್ನೆಯೇ ಇಲ್ಲಿಲ್ಲ.

ಇದು ಗೊತ್ತಾದ ಮೇಲೆ ನನಗೆ ಬಹಿರಂಗದ ಮೇಲಿದ್ದ ಸಣ್ಣ ತಾತ್ಸಾರ ಹೋಯಿತು. ದೂರದ್ದು ಅಂದ ಮಾತ್ರಕ್ಕೆ ಕೀಳಲ್ಲ. ಸೂತ್ರಗಳ ಲೆಕ್ಕ ನೋಡಿ. ಧಾರಣಕ್ಕೆ ಒಂದು, ಧ್ಯಾನಕ್ಕೆ ಒಂದು, ಸಮಾಧಿಗೆ ಒಂದು ಸೂತ್ರದಲ್ಲಿ ಲಕ್ಷಣ ಹೇಳಿ ಮುಗಿಸುವ ಪತಂಜಲಿ, ಯಮ ನಿಯಮಗಳಿಗೆ ಸಾಧನಪಾದದ 30ರಿಂದ 45ರವರೆಗೆ ಹದಿನಾರು ಸೂತ್ರ ಕೊಟ್ಟಿದ್ದಾರೆ. ಆಸನಕ್ಕೆ ಸಿಕ್ಕಿದ್ದು ಮೂರು.

ಅಹಿಂಸೆಯ ಭಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಅಲ್ಲಿ ಯೋಗಸೂತ್ರದ ವ್ಯಾಖ್ಯಾನವಾದ ವ್ಯಾಸಭಾಷ್ಯ ಅಚ್ಚರಿ ಹುಟ್ಟಿಸುವಷ್ಟು ಸೂಕ್ಷ್ಮವಾಗಿದೆ. ಯಮಗಳು ಮಹಾವ್ರತವಾಗಬೇಕಾದರೆ ಅವಕ್ಕೆ ಜಾತಿ, ದೇಶ, ಕಾಲ, ಸಮಯಗಳ ಕಟ್ಟು ಇರಬಾರದು ಎಂಬುದು ಪತಂಜಲಿಯ ಮಾತು. ಇಲ್ಲಿ ಸಮಯ ಅಂದರೆ ಗಡಿಯಾರದ ಸಮಯವಲ್ಲ, ಕಟ್ಟುಪಾಡು, ಒಪ್ಪಂದ. ಕಟ್ಟು ಅಂದರೆ ಎಂಥದ್ದು ಎಂಬುದಕ್ಕೆ ಭಾಷ್ಯಕಾರರು ಒಬ್ಬ ಬೆಸ್ತನನ್ನು ತರುತ್ತಾರೆ. ಮೀನಿನ ವಿಷಯದಲ್ಲಿ ಬಿಟ್ಟು ಬೇರೆಲ್ಲೂ ಹಿಂಸೆ ಮಾಡುವುದಿಲ್ಲ ಎಂಬ ಅವನ ಅಹಿಂಸೆ ಜಾತಿಯ ಕಟ್ಟಿನದು. ತೀರ್ಥಕ್ಷೇತ್ರದಲ್ಲಿ ಕೊಲ್ಲುವುದಿಲ್ಲ ಅಂದರೆ ದೇಶದ ಕಟ್ಟು, ಚತುರ್ದಶಿಯಂದು ಕೊಲ್ಲುವುದಿಲ್ಲ ಅಂದರೆ ಕಾಲದ ಕಟ್ಟು. ದೇವರಿಗೂ ಬ್ರಾಹ್ಮಣರಿಗೂ ಹೊರತು ಬೇರಾವುದಕ್ಕೂ ಕೊಲ್ಲೆ ಅಂದರೆ, ಯುದ್ಧದಲ್ಲಿ ಮಾತ್ರ ಅಂದರೆ, ಅದು ಸಮಯದ ಕಟ್ಟು. ನಾವು ಸೋಮವಾರ, ಶನಿವಾರ, ಶ್ರಾವಣ ಎಂದು ಪಾಲಿಸುವ ಎಷ್ಟೋ ವ್ರತಗಳು ಈ ಪಟ್ಟಿಯೊಳಗೆ ಸಲೀಸಾಗಿ ಕೂರುತ್ತವೆ. ಭಾಷ್ಯ ಅವುಗಳನ್ನು ಬೈಯುವುದಿಲ್ಲ. ಅವು ಕಟ್ಟುಳ್ಳವು ಎಂದು ಗುರುತಿಸಿ, ಮಹಾವ್ರತ ಇದರಾಚೆಯದು ಎಂದು ತೋರಿಸುತ್ತದೆ, ಅಷ್ಟೆ.

ಮುಂದಿನದು ಇನ್ನೂ ಚುಚ್ಚುತ್ತದೆ. ಹಿಂಸೆಯನ್ನು ತಾನೇ ಮಾಡಬಹುದು, ಇನ್ನೊಬ್ಬರ ಕೈಯಲ್ಲಿ ಮಾಡಿಸಬಹುದು, ಬೇರೆಯವರು ಮಾಡಿದ್ದಕ್ಕೆ ಸೈ ಅನ್ನಬಹುದು. ಕೃತ, ಕಾರಿತ, ಅನುಮೋದಿತ. ಈ ಒಂದೊಂದೂ ಲೋಭದಿಂದ, ಕ್ರೋಧದಿಂದ ಇಲ್ಲವೇ ಮೋಹದಿಂದ ಹುಟ್ಟಬಹುದು. ಒಂದೊಂದೂ ಮೃದು, ಮಧ್ಯ, ತೀವ್ರ ಎಂದು ಮೂರು ಬಗೆ. ಅಲ್ಲಿಗೆ ಇಪ್ಪತ್ತೇಳಾಯಿತು. ಮೃದುವಿನಲ್ಲೂ ಮತ್ತೆ ಮೂರು, ಮಧ್ಯದಲ್ಲೂ ಮೂರು, ತೀವ್ರದಲ್ಲೂ ಮೂರು ಎಂದು ಗುಣಿಸಿ ಭಾಷ್ಯ 81ಕ್ಕೆ ಮುಟ್ಟಿಸುತ್ತದೆ. ಲೋಭಕ್ಕೆ ಉದಾಹರಣೆ ಮಾಂಸಕ್ಕಾಗಿ, ಚರ್ಮಕ್ಕಾಗಿ ಕೊಲ್ಲುವುದು. ಕ್ರೋಧಕ್ಕೆ, ಇವನು ನನಗೆ ಕೆಡುಕು ಮಾಡಿದ ಎಂಬ ಸಿಟ್ಟು. ಮೋಹಕ್ಕೆ ಕೊಡುವ ಉದಾಹರಣೆಯನ್ನು ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಕೂತಿದ್ದೆ: ಇದರಿಂದ ನನಗೆ ಧರ್ಮ ದೊರೆಯುತ್ತದೆ ಎಂದುಕೊಂಡು ಮಾಡುವ ಹಿಂಸೆ.

ಈಗ ಕೈಯಲ್ಲಿರುವ ಮೊಬೈಲನ್ನು ನೋಡಿ. ಯಾವುದೋ ಊರಿನಲ್ಲಿ ಯಾರನ್ನೋ ಕಂಬಕ್ಕೆ ಕಟ್ಟಿ ಹೊಡೆಯುವ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ನಾವು ಹೊಡೆದಿಲ್ಲ, ಹೊಡೆಸಿಲ್ಲ. ಸರಿಯಾಗಿ ಬಿತ್ತು ಅಂದುಕೊಂಡು ಇನ್ನೊಂದು ಗುಂಪಿಗೆ ದಾಟಿಸುತ್ತೇವೆ. ಅನುಮೋದಿತ, ಕ್ರೋಧದಿಂದ, ಮೃದು. 81ರಲ್ಲಿ ಅದಕ್ಕೊಂದು ಮನೆ ಮೊದಲೇ ಸಿದ್ಧವಾಗಿದೆ.

ಸತ್ಯದ ವಿಷಯದಲ್ಲೂ ಭಾಷ್ಯ ಇಷ್ಟೇ ಬಿಗಿ. ಕಂಡದ್ದು, ಊಹಿಸಿದ್ದು, ಕೇಳಿದ್ದು ಹೇಗಿದೆಯೋ ಹಾಗೆ ಮಾತೂ ಮನಸ್ಸೂ ಇರಬೇಕು. ಮಾತಿನಲ್ಲಿ ವಂಚನೆ ಇರಬಾರದು. ಟೀಕಾಕಾರ ವಾಚಸ್ಪತಿ ಮಿಶ್ರರು ಇಲ್ಲಿ ಅಶ್ವತ್ಥಾಮನ ಸಾವನ್ನು ಕುರಿತು ದ್ರೋಣರಿಗೆ ಧರ್ಮರಾಯ ಕೊಟ್ಟ ಉತ್ತರವನ್ನು ನೆನಪಿಸುತ್ತಾರೆ. ಅಕ್ಷರ ಅಕ್ಷರವೂ ನಿಜವಿದ್ದ ಮಾತು, ಆದರೂ ಕೇಳಿದವನ ಮನಸ್ಸಿಗೆ ದಾಟಿದ್ದು ಸುಳ್ಳು. ಇಷ್ಟೂ ಸಾಲದು, ಸತ್ಯದಿಂದ ಪ್ರಾಣಿಗಳಿಗೆ ಕೇಡಾಗುವುದಾದರೆ ಅದು ಸತ್ಯವೇ ಅಲ್ಲ, ಪಾಪ. ಯಾಕೆಂದರೆ ಉಳಿದ ಯಮ ನಿಯಮಗಳಿಗೆಲ್ಲ ಬೇರು ಅಹಿಂಸೆಯೇ, ಅದನ್ನು ಬೆಳಗಿಸುವುದಕ್ಕೇ ಮಿಕ್ಕವು ಇರುವುದು.

ಹೀಗೆ ಹೊರಗಿನದೆಂದು ಕರೆಸಿಕೊಂಡ ಅಂಗದೊಳಗೇ ಎಷ್ಟು ಆಳವಿದೆ! ಶೌಚವನ್ನೇ ತೆಗೆದುಕೊಳ್ಳಿ. ಮಣ್ಣು, ನೀರು, ಶುದ್ಧ ಆಹಾರದಿಂದ ಆಗುವುದು ಬಾಹ್ಯ ಶೌಚ. ಚಿತ್ತದ ಕೊಳೆ ತೊಳೆಯುವುದು ಆಭ್ಯಂತರ ಶೌಚ. ಬಹಿರಂಗದೊಳಗೆ ಮತ್ತೊಂದು ಹೊರಗು, ಮತ್ತೊಂದು ಒಳಗು. ಪ್ರಾಣಾಯಾಮದಲ್ಲೂ ಉಸಿರು ಹೊರಗೆ ನಿಲ್ಲುವುದು, ಒಳಗೆ ನಿಲ್ಲುವುದು, ಇದ್ದಲ್ಲೇ ಸ್ತಂಭಿಸುವುದು ಎಂದು ವಿಂಗಡಿಸಿ, ಹೊರಗು ಒಳಗು ಎರಡನ್ನೂ ಮೀರಿದ ನಾಲ್ಕನೆಯದೊಂದನ್ನು ಹೇಳಲಾಗಿದೆ. ತಪಸ್ಸಿನಲ್ಲಿ ಮೌನ ಎರಡು ತರಹ: ಬಾಯಿ ಮಾತ್ರ ಮುಚ್ಚಿದ ಆಕಾರಮೌನ, ಸನ್ನೆಯನ್ನೂ ಮಾಡದ ಕಾಷ್ಠಮೌನ. ಮೌನವ್ರತದಲ್ಲಿ ಚೀಟಿ ಬರೆದು ಕೊಡುವವರನ್ನು ನೀವೂ ಕಂಡಿರಬಹುದು. ಅದೂ ಒಂದು ಮೆಟ್ಟಿಲೇ, ಆದರೆ ಕಟ್ಟಿಗೆಯ ಮೌನ ಇನ್ನೂ ಮುಂದಿದೆ.

ಆಸನಕ್ಕೆ ಬರೋಣ. ಯೋಗ ಅಂದರೆ ಆಸನ ಎಂದು ಜಗತ್ತು ತಿಳಿದುಕೊಂಡಿದೆ, ಮತ್ತು ಆ ತಿಳಿವಳಿಕೆ ರೂಪುಗೊಂಡದ್ದರಲ್ಲಿ ನಮ್ಮ ಮೈಸೂರಿನ ಪಾಲು ದೊಡ್ಡದು. ಪತಂಜಲಿ ಆಸನದ ಒಂದು ಹೆಸರನ್ನೂ ಹೇಳುವುದಿಲ್ಲ. ಸ್ಥಿರವಾಗಿರಬೇಕು, ಸುಖವಾಗಿರಬೇಕು, ಪ್ರಯತ್ನದ ಬಿಗಿ ಸಡಿಲಬೇಕು, ಮನಸ್ಸು ಅನಂತದಲ್ಲಿ ನೆಲೆಯಾಗಬೇಕು, ಆಗ ಚಳಿ ಸೆಕೆಯಂಥ ದ್ವಂದ್ವಗಳು ಕಾಡುವುದಿಲ್ಲ, ಇಷ್ಟು. ವ್ಯಾಸಭಾಷ್ಯ ಪದ್ಮಾಸನ, ವೀರಾಸನ, ಭದ್ರಾಸನ, ಸ್ವಸ್ತಿಕ, ದಂಡಾಸನ ಎಂದು ಕೆಲವನ್ನು ಹೆಸರಿಸುತ್ತದೆ, ಕ್ರೌಂಚ, ಆನೆ, ಒಂಟೆ ಕೂರುವ ಹಾಗೆ ಕೂರುವುದನ್ನೂ ಸೇರಿಸುತ್ತದೆ. ಬಹುಮಟ್ಟಿಗೆ ಎಲ್ಲವೂ ಕೂರುವ ಬಗೆಗಳು. ಆಸನ ಅಂದರೆ ಕೂರುವುದೇ ತಾನೆ!

ಅಲ್ಲಿಂದ ಮೈಸೂರಿಗೆ ಬಹಳ ದೂರ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸಿದ್ಧಪಡಿಸಿದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಚಿತ್ರದುರ್ಗದ ಕಡೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದರು. ಅವರಲ್ಲಿ ಕಲಿತ ಪಟ್ಟಾಭಿ ಜೋಯಿಸರು, ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರು ಆಸನಗಳನ್ನು ಸಮುದ್ರದಾಚೆಗೆ ಒಯ್ದರು. ಜೋಯಿಸರ ಪದ್ಧತಿಗೆ ಅಷ್ಟಾಂಗ ಎಂದೇ ಹೆಸರು ನಿಂತಿತು. ಬೆವರಿಳಿಸುವ ಆಸನಗಳ ಸರಣಿಗೆ ಎಂಟು ಅಂಗಗಳ ಹೆಸರು ಯಾಕೆ ಎಂದು ಕೇಳುವವರಿದ್ದಾರೆ. ನನಗೂ ಆ ಪ್ರಶ್ನೆ ಇತ್ತು. ಆದರೆ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲಿ ಬರೆದ ‘ಯೋಗ ಮಕರಂದ’ದಲ್ಲಿ ಆಸನಗಳ ಜೊತೆಗೆ ಯಮ ನಿಯಮಗಳ ವಿವರಣೆಯೂ ಇದೆ. ಬಾಗಿಲು ಮೂರನೆಯದಾದರೂ ಮನೆ ಪೂರ್ತಿ ಗೊತ್ತಿದ್ದವರು ಕಟ್ಟಿದ್ದು ಅದು. ಯೋಗ ದಿನವಾದ ಜೂನ್ 21ರಂದು ಮೈದಾನದಲ್ಲಿ ಚಾಪೆ ಹಾಸುವ ಸಾವಿರಾರು ಜನರಲ್ಲಿ ಹತ್ತು ಮಂದಿ ಆ ಬಾಗಿಲಿನಿಂದ ಒಳಗೆ ಇಣುಕಿದರೂ ನನಗೆ ಸಂತೋಷವೇ.

ಇನ್ನು ಪ್ರತ್ಯಾಹಾರ. ಬಹಿರಂಗದಲ್ಲಿ ಕೊನೆಯದು, ಅಂತರಂಗದ ಹೊಸ್ತಿಲಿನಲ್ಲಿ ನಿಂತದ್ದು. ಇಂದ್ರಿಯಗಳು ತಮ್ಮ ವಿಷಯಗಳನ್ನು ಬಿಟ್ಟು ಚಿತ್ತದ ರೂಪವನ್ನೇ ಅನುಸರಿಸಿದಂತೆ ಇರುವುದು ಎಂದು ಇದರ ಲಕ್ಷಣ. ಕಣ್ಣು ಮುಚ್ಚಿ, ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ವ್ಯಾಸರು ಒಂದು ಹೋಲಿಕೆ ಕೊಡುತ್ತಾರೆ: ಜೇನುಹುಳಗಳ ಒಡೆಯ ಹಾರಿದರೆ ಉಳಿದ ಹುಳಗಳೂ ಹಾರುತ್ತವೆ, ಅದು ನೆಲೆ ನಿಂತರೆ ಅವೂ ನಿಲ್ಲುತ್ತವೆ. ಭಾಷ್ಯ ಆ ಒಡೆಯನನ್ನು ರಾಜ ಎಂದೇ ಕರೆದಿದೆ. ಅದು ರಾಣಿ ಎಂದು ನಮಗೆ ಈಗ ಗೊತ್ತು.

ಈ ಹೋಲಿಕೆ ನನಗೆ ಪುಸ್ತಕದಲ್ಲಿ ಅರ್ಥವಾಗಲಿಲ್ಲ. ಅರ್ಥವಾದದ್ದು ಸಾಗರದ ಹತ್ತಿರ, ನನ್ನ ಸೋದರಮಾವನ ತೋಟದಲ್ಲಿ. ಮಾವ ಅಡಿಕೆ ತೋಟದಲ್ಲಿ ಏಳೆಂಟು ತುಡುವೆ ಜೇನಿನ ಪೆಟ್ಟಿಗೆ ಇಟ್ಟವರು. ಒಂದು ಬೆಳಿಗ್ಗೆ ಹಳೆಯ ಹಲಸಿನ ಮರದ ಪೊಟರೆಯಲ್ಲಿ ಕೂತಿದ್ದ ಗೂಡನ್ನು ಪೆಟ್ಟಿಗೆಗೆ ಹಾಕಲು ಹೊರಟರು. ನಾನು ಹಿಂದೆ ಹೋದೆ. ತೆಂಗಿನ ನಾರು ಸುಟ್ಟು ಸ್ವಲ್ಪ ಹೊಗೆ ಕೊಟ್ಟರು. ಪೊಟರೆಯ ಬಾಯಿ ಅಗಲಿಸಿ, ಎರಿಗಳನ್ನು ಒಂದೊಂದಾಗಿ ಕೊಯ್ದು ತೆಗೆದು, ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಇಳಿಸಿದರು. ಹುಳಗಳು ತಲೆಯ ಮೇಲೆ ಮೋಡದ ಹಾಗೆ ಎದ್ದಿದ್ದವು. ಪೆಟ್ಟಿಗೆಯಲ್ಲಿ ಅವುಗಳದೇ ಎರಿ, ಅವುಗಳದೇ ಮರಿ, ತುಪ್ಪ ಎಲ್ಲ ಇದ್ದರೂ ಒಂದು ಹಿಡಿಯಷ್ಟು ಹುಳ ಮಾತ್ರ ಅಲ್ಲಿ ಕೂತಿದ್ದವು. ನಾನು ಕೈಯಲ್ಲಿ ಬಾಚಿ ಒಳಗೆ ಹಾಕೋಣವೇ ಎಂದೆ.

‘ಒಂದೊಂದೇ ಹುಳ ಹಿಡೀತೇನೆ ಅಂತ ಹೋದ್ರೆ ಕೈ ಊದತ್ತೆ ಅಷ್ಟೆ ಮಾರಾಯ್ತಿ. ರಾಣಿ ಎಲ್ಲಿದೆ ನೋಡು’ ಅಂದರು ಮಾವ.

ರಾಣಿ ಪೊಟರೆಯ ಒಳಗೋಡೆಯಲ್ಲಿತ್ತು. ಉಳಿದವುಗಳಿಗಿಂತ ಉದ್ದ, ಹೊಟ್ಟೆಯ ಬಣ್ಣ ಗಾಢ, ನಡಿಗೆ ನಿಧಾನ. ಮಾವ ಎರಡು ಬೆರಳಲ್ಲಿ ರೆಕ್ಕೆ ಹಿಡಿದು ಅದನ್ನು ಪೆಟ್ಟಿಗೆಯೊಳಗೆ ಬಿಟ್ಟು, ಬಾಗಿಲಿಗೆ ರಾಣಿ ಗೇಟು ಹಾಕಿದರು. ಕೆಲಸದ ಹುಳ ತೂರುವಷ್ಟು ಸಂದು ಅದರಲ್ಲಿರುತ್ತದೆ, ರಾಣಿ ತೂರುವುದಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಕೆಲವು ಹುಳಗಳು ಬಾಲ ಮೇಲೆತ್ತಿ ರೆಕ್ಕೆ ಬೀಸತೊಡಗಿದವು. ಆಮೇಲೆ ಮೋಡ ಇಳಿಯಿತು. ಮರದಿಂದ, ಮಾವನ ಅಂಗಿಯಿಂದ, ನನ್ನ ಕೂದಲಿನಿಂದ ಹುಳಗಳು ಎದ್ದುಹೋಗಿ, ಜಾತ್ರೆಗೆ ಹೊರಟವರ ಹಾಗೆ ಸಾಲಾಗಿ ಒಳಗೆ ನಡೆದವು. ಯಾರೂ ತಳ್ಳಲಿಲ್ಲ.

ಭಾಷ್ಯದ ಮಾತು ಇದೇ ಎಂದು ಅಲ್ಲೇ ಹೊಳೆಯಿತು. ಐದು ಇಂದ್ರಿಯಗಳನ್ನು ಒಂದೊಂದಾಗಿ ಅಟ್ಟಿ ಹಿಡಿಯುವ ಕೆಲಸ ಪ್ರತ್ಯಾಹಾರವಲ್ಲ. ಚಿತ್ತ ನಿಂತರೆ ಬೇರೆ ಉಪಾಯ ಬೇಕಾಗುವುದಿಲ್ಲ.

ಇಂದ್ರಿಯಗಳು ಪೂರ್ತಿ ವಶವಾಗುವುದೆಂದರೇನು ಎಂಬುದರ ಮೇಲೆ ಭಾಷ್ಯಕಾರರ ಕಾಲದಲ್ಲೇ ಒಮ್ಮತ ಇರಲಿಲ್ಲ. ಚಟಕ್ಕೆ ಬೀಳದಿದ್ದರೆ ಸಾಕು ಎಂಬುವರಿದ್ದರು. ಶಾಸ್ತ್ರ ಬೇಡವೆನ್ನದ್ದನ್ನು ಅನುಭವಿಸಬಹುದು ಎಂಬುವರು, ಬೇಕೆಂದಾಗ ಮಾತ್ರ ವಿಷಯಗಳನ್ನು ಮುಟ್ಟುವುದೇ ವಶ ಎಂಬುವರು, ಮುಟ್ಟಿದರೂ ಸುಖದುಃಖ ತಟ್ಟಬಾರದು ಎಂಬುವರು ಇದ್ದರು. ಕೊನೆಗೆ ಬರುವುದು ಜೈಗೀಷವ್ಯರ ಮತ: ಚಿತ್ತ ಏಕಾಗ್ರವಾದ್ದರಿಂದ ಇಂದ್ರಿಯಗಳು ವಿಷಯವನ್ನು ಹಿಡಿಯುವುದೇ ಇಲ್ಲ. ಭಾಷ್ಯ ಎತ್ತಿ ಹಿಡಿಯುವುದು ಇದನ್ನು. ನಮ್ಮಂಥವರಿಗೆ ಮೊದಲನೆಯದೇ ವರ್ಷಗಳ ಕೆಲಸ. ಅದಕ್ಕೂ ಪಟ್ಟಿಯಲ್ಲಿ ಜಾಗ ಕೊಟ್ಟಿದ್ದಾರಲ್ಲ ಎಂಬುದು ನನಗೆ ದೊಡ್ಡ ಸಮಾಧಾನ.

ಅಂತರಂಗದ ಮೂರನ್ನು ಕುರಿತು ನಾನು ಹೆಚ್ಚು ಹೇಳಲಾರೆ. ಧಾರಣ ಅಂದರೆ ಚಿತ್ತವನ್ನು ಒಂದು ಕಡೆ ಕಟ್ಟುವುದು; ನಾಭಿ, ಹೃದಯ, ಮೂಗಿನ ತುದಿ, ಹೊರಗಿನ ಯಾವುದೋ ವಸ್ತು, ಎಲ್ಲಾದರೂ. ಅಲ್ಲೇ ಅರಿವು ಒಂದೇ ಎಳೆಯಾಗಿ ಹರಿದರೆ ಧ್ಯಾನ. ಹಿರಿಯರು ಇದಕ್ಕೆ ಎಣ್ಣೆಯ ಧಾರೆಯ ಹೋಲಿಕೆ ಕೊಡುತ್ತಾರೆ. ನೀರು ಸುರಿದರೆ ಸಿಡಿಯುತ್ತದೆ, ಹನಿಯಾಗಿ ಒಡೆಯುತ್ತದೆ. ಸಂಜೆ ದೇವರ ಮುಂದೆ ದೀಪಕ್ಕೆ ಎಣ್ಣೆ ಎರೆಯುವಾಗ ಗಿಂಡಿಯ ಮೂತಿಯಿಂದ ಬತ್ತಿಯವರೆಗೆ ಒಂದು ಗೆರೆ ನಿಲ್ಲುತ್ತದೆ. ಹರಿಯುತ್ತಿದೆ ಎಂದು ಗೊತ್ತು, ಆದರೆ ನೋಡಿದರೆ ಅಲುಗದ ಗಾಜಿನ ಕಡ್ಡಿ. ಧ್ಯಾನಿಸುವವನ ಪರಿವೆ ಮರೆಯಾಗಿ ವಸ್ತುವೊಂದೇ ಬೆಳಗಿದರೆ ಸಮಾಧಿ. ಮೂರೂ ಒಂದೇ ವಸ್ತುವಿನ ಮೇಲೆ ಸೇರಿದರೆ ಸಂಯಮ. ಆನೆಯ ಬಲ, ಪ್ರಾಣಿಗಳ ಕೂಗಿನ ಅರ್ಥ ಮುಂತಾದ ಸಿದ್ಧಿಗಳೆಲ್ಲ ಸಂಯಮದ ಫಲವಾಗಿ ಬರುತ್ತವೆ, ಮತ್ತು ಅವು ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಅದೇ ವಿಭೂತಿಪಾದದಲ್ಲಿದೆ.

ನನ್ನನ್ನು ಹೆಚ್ಚು ಕಾಡಿದ್ದು ಆ ಪಾದದ ಎಂಟನೆಯ ಸೂತ್ರ. ಮೂರನ್ನು ಅಂತರಂಗ ಎಂದು ಕರೆದ ಉಸಿರಿನಲ್ಲೇ ಪತಂಜಲಿ, ನಿರ್ಬೀಜ ಸಮಾಧಿಯ ಎದುರಿಗೆ ಈ ಮೂರೂ ಬಹಿರಂಗವೇ ಎನ್ನುತ್ತಾರೆ. ಆಲಂಬನವಾಗಿ ಹಿಡಿದಿದ್ದ ವಸ್ತುವೂ ಬಿಟ್ಟುಹೋದಾಗ, ಧ್ಯಾನವೂ ನಿಂತಾಗ, ಅದು ಒದಗುತ್ತದೆ. ಅಂದರೆ ಗೆರೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಶೌಚದೊಳಗೆ ಒಂದು ಒಳಹೊರಗು ಇತ್ತು. ಎಂಟು ಅಂಗಗಳ ನಡುವೆ ಇನ್ನೊಂದು. ಇಲ್ಲಿ ಮತ್ತೊಂದು. ನಡೆದಷ್ಟೂ, ಒಳಗು ಅಂದುಕೊಂಡದ್ದು ಹಿಂದೆ ಉಳಿದು ಹೊರಗಾಗುತ್ತದೆ. ಧ್ಯಾನಕ್ಕೇ ಈ ಗತಿಯಾದ ಮೇಲೆ ಆಸನ ಮಾಡುವವರನ್ನು ನೋಡಿ ಧ್ಯಾನ ಮಾಡುವವರು ಮೂಗು ಮುರಿಯಲು ಏನು ಉಳಿಯಿತು?

ಹಾಗಾದರೆ ಮೊದಲು ಯಮ ಮುಗಿಸಿ, ನಿಯಮ ಮುಗಿಸಿ, ಆಮೇಲೆ ಕಣ್ಣು ಮುಚ್ಚಬೇಕೇ? ಶಾಲೆಯ ತರಗತಿಗಳಂತೆ? ಭಾಷ್ಯದಲ್ಲಿ ಕೆಳಗಿನ ನೆಲೆ ಗೆಲ್ಲದೆ ಮೇಲಿನದಕ್ಕೆ ಹಾರಲಾಗದು ಎಂಬ ಮಾತಿದೆ, ಆದರೆ ಅದು ಸಂಯಮದ ನೆಲೆಗಳನ್ನು ಕುರಿತದ್ದು. ಈಶ್ವರನ ಪ್ರಸಾದದಿಂದ ಮೇಲಿನದು ಒದಗಿದವರು ಕೆಳಗಿನದಕ್ಕೆ ಮರಳಬೇಕಿಲ್ಲ ಎಂದೂ ಅಲ್ಲೇ ಸೇರಿಸಿದ್ದಾರೆ. ಮೈತ್ರಿ ಉಪನಿಷತ್ತಿನ ಯೋಗಕ್ಕೆ ಆರೇ ಅಂಗ, ಅದರಲ್ಲಿ ಯಮ ನಿಯಮ ಆಸನಗಳಿಲ್ಲ, ಬದಲಿಗೆ ತರ್ಕವಿದೆ. ಪತಂಜಲಿ ಆರಿಸಿಕೊಂಡ ಪದ ಅಂಗ, ಮೆಟ್ಟಿಲಲ್ಲ. ಮಗುವಿಗೆ ಕೈ ಬೆಳೆದು ಮುಗಿದ ಮೇಲೆ ಕಾಲು ಬೆಳೆಯುವುದಿಲ್ಲ.

ಅಂತರಂಗ, ಬಹಿರಂಗ ಎಂದು ಜೋಡಿಯಾಗಿ ಹೇಳಿದರೆ ಕನ್ನಡದವರಿಗೆ ಮೊದಲು ನೆನಪಾಗುವುದು ಬಸವಣ್ಣನವರ ಏಳು ಬೇಡಗಳ ವಚನ. ಕಳವು, ಕೊಲೆ, ಹುಸಿ ಎಂದು ಅದು ಮೊದಲು ಬೇಡವೆನ್ನುವ ಮೂರು, ಪತಂಜಲಿಯ ಯಮಗಳ ಮೊದಲ ಮೂರರ ಎದುರುಬದಿಯೇ. ಒಬ್ಬರಿಂದ ಒಬ್ಬರಿಗೆ ಬಂತು ಎಂದು ನಾನು ಹೇಳುತ್ತಿಲ್ಲ. ಆದರೆ ಬಸವಣ್ಣ ಒಂದೇ ಪಟ್ಟಿಯನ್ನು ಹಿಡಿದು, ಒಳಗಿನ ಶುದ್ಧಿಯೂ ಅದೇ, ಹೊರಗಿನ ಶುದ್ಧಿಯೂ ಅದೇ ಎಂದುಬಿಟ್ಟರು. ಪತಂಜಲಿ ಜರುಗಿಸುತ್ತಾ ಹೋದ ಗೆರೆಯನ್ನು ಅವರು ಅಳಿಸಿಯೇಬಿಟ್ಟಂತೆ ನನಗೆ ಕಾಣುತ್ತದೆ. ಬಾಲ್ಯದಲ್ಲಿ ಪ್ರಾರ್ಥನೆಯಲ್ಲಿ ಬಾಯಿಪಾಠ ಹೇಳಿದ ವಚನ ಅದು. ವ್ಯಾಸರ 81 ಹಿಂಸೆಗಳನ್ನು ಓದಿದ ಮೇಲೆ, ಮುನಿಯುವುದನ್ನೂ ಅನ್ಯರ ಬಗ್ಗೆ ಅಸಹ್ಯಪಡುವುದನ್ನೂ ಅದು ಕೊಲೆಯ ಪಕ್ಕದಲ್ಲೇ ಯಾಕೆ ಇಟ್ಟಿದೆ ಎಂದು ಅರ್ಥವಾಯಿತು.

ಆ ಜೇನು ಪೆಟ್ಟಿಗೆಯನ್ನು ನಾನು ಮತ್ತೆ ನೋಡಿದ್ದು ಒಂದು ವಾರ ಕಳೆದು. ಬಾಳೆನಾರಿನ ಕಟ್ಟನ್ನು ಹುಳಗಳೇ ಕಡಿದು ಹೊರಗೆ ಎಸೆದಿದ್ದವು. ಎರಿಗಳು ಚೌಕಟ್ಟಿಗೆ ಅಂಟಿಕೊಂಡಿದ್ದವು. ಹೊರಗಿನಿಂದ ಬರುವ ಹುಳಗಳ ಹಿಂಗಾಲಿನಲ್ಲಿ ಹಳದಿ ಪರಾಗದ ಸಣ್ಣ ಉಂಡೆಗಳಿದ್ದವು. ‘ರಾಣಿ ಮೊಟ್ಟೆ ಇಡ್ತಾ ಇದೆ, ಇನ್ನು ಇದು ಎಲ್ಲೂ ಹೋಗಲ್ಲ’ ಎಂದು ಮಾವ ಗೇಟನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಬಾಗಿಲು ಪೂರ್ತಿ ತೆರೆದಿತ್ತು. ಹುಳಗಳು ತೋಟದ ಕಡೆ ಹಾರಿ ಹೋಗುತ್ತಿದ್ದವು, ಹೊತ್ತು ತರುತ್ತಿದ್ದವು.